ಸಮತ ರಚಪ ಕಪರ ಎಂಬ ಒಬ್ಬ ವ್ಯಕ್ತಿ

ಎಮ್ಮೆಯ ಕುತ್ತಿಗೆಗೆ ಕಾಲುಬಾಯಿ ಬೇನೆಯ ಲಸಿಕೆ ಚುಚ್ಚಿ ಸೂಜಿ ಹೊರಗೆ ತೆಗೆಯುವಷ್ಟರಲ್ಲಿ ಸುಮತಿಯ ಫೋನು ಗುಂಯ್‌ಗುಟ್ಟಿತು. ಅವಳು ಮುಗಳಿಕಟ್ಟಿ ತಾಲ್ಲೂಕಿನ ಸರ್ಕಾರಿ ಪಶುವೈದ್ಯೆ. ವಯಸ್ಸು ಇಪ್ಪತ್ತೆಂಟು, ಮದುವೆಗೆ ಇನ್ನು ಹನ್ನೆರಡು ದಿನ. ಆ ವಾರ ಬರುತ್ತಿದ್ದ ಸಂದೇಶಗಳೆಲ್ಲ ಸೀರೆಯ ಅಂಚಿನ ಬಗ್ಗೆಯೋ ಅಡಿಗೆಯವರ ಬಗ್ಗೆಯೋ ಇರುತ್ತಿದ್ದವು. ಇದು ಮಾತ್ರ ಸರ್ಕಾರದ್ದು.

“ತಾವು ನಿನ್ನೆ ಬೆಳಿಗ್ಗೆ ಹತ್ತೂವರೆಗೆ ಮುಗಳಿಕಟ್ಟಿಯಲ್ಲಿ ಇಪ್ಪತ್ತೆರಡು ಎಮ್ಮೆಗಳಿಗೆ ಲಸಿಕೆ ಹಾಕಿರುವುದಾಗಿಯೂ, ಅದೇ ವೇಳೆಗೆ ಹದಿನೆಂಟು ಕಿಲೋಮೀಟರ್ ದೂರದ ಹಿರೇಬಸರಿ ಪ್ರೌಢಶಾಲೆಯಲ್ಲಿ ಒಂಬತ್ತನೆಯ ತರಗತಿಯ ಮಕ್ಕಳಿಗೆ ಕೊಕ್ಕೊ ಆಡಿಸಿರುವುದಾಗಿಯೂ ದಾಖಲೆಗಳಿಂದ ಕಂಡುಬಂದಿರುತ್ತದೆ. ಒಬ್ಬ ವ್ಯಕ್ತಿ ಎರಡು ಸರ್ಕಾರಿ ಹುದ್ದೆಗಳನ್ನು ಹೊಂದುವುದು ನಿಯಮಬಾಹಿರ. ಮುಂದಿನ ಆದೇಶದವರೆಗೆ ತಮ್ಮನ್ನು ಎರಡೂ ಹುದ್ದೆಗಳಿಂದ ಅಮಾನತಿನಲ್ಲಿಡಲಾಗಿದೆ.”

ಸುಮತಿ ನಕ್ಕಳು. ಆಮೇಲೆ ಹಿರೇಬಸರಿ ಎಂಬ ಹೆಸರನ್ನು ಇನ್ನೊಂದು ಸಲ ಓದಿ ನಗುವುದನ್ನು ನಿಲ್ಲಿಸಿದಳು. ಅಲ್ಲಿ ಕೊಕ್ಕೊ ಆಡಿಸುವ ಪಿ.ಟಿ. ಮಾಸ್ತರ ಸುಮಂತ. ಅವಳು ಮದುವೆಯಾಗಬೇಕಾದವನು.

ಅಷ್ಟರಲ್ಲಿ ಅವನದೇ ಫೋನು ಬಂತು.

“ಸುಮತಿ, ನೀ ನಿನ್ನಿ ನಮ್ಮ ಸಾಲ್ಯಾಗ ಏನರ ಮಾಡಿದೇನು?”

“ನಾ ಯಾಕ ಬರ್ಲಿ? ನೀ ನನ್ನ ಎಮ್ಮಿ ಚುಚ್ಚಿದೇನು?”

ಇಬ್ಬರಿಗೂ ಒಂದೇ ನೋಟೀಸು, ಒಂದೇ ಸಂಖ್ಯೆ, ಒಂದೇ ಅಲ್ಪವಿರಾಮ. ಮೇಲೆ ವಿಳಾಸದ ಜಾಗದಲ್ಲಿ ಮಾತ್ರ ಇಬ್ಬರ ಹೆಸರೂ ಇರಲಿಲ್ಲ. ‘ಸಮತ ರಚಪ ಕಪರ’ ಎಂದಿತ್ತು.

ಇದು ಸಮಧ್ವನಿ ಎಂಬ ಯಂತ್ರದ ಕೆಲಸ. ಧಾರವಾಡದಲ್ಲಿ ಅದಕ್ಕೆಂದೇ ಕಟ್ಟಿದ ಕೇಂದ್ರದಲ್ಲಿ ಅದು ಎರಡು ವರ್ಷದಿಂದ ನಡೆಯುತ್ತಿತ್ತು. ಕಟ್ಟಿದವರು ಡಾಕ್ಟರ್ ಶಾಕಂಬರಿ ಹೊಸಮನಿ. ಅವರು ಹದಿನಾರು ವರ್ಷದವರಿದ್ದಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಯಾರೋ ‘ಸಾಕಾಂಬ್ರಿ’ ಎಂದು ಬರೆದಿದ್ದರು. ಪಿಯುಸಿಯಲ್ಲಿ ‘ಶಾಕಂಬರಿ’. ಇಂಜಿನಿಯರಿಂಗ್ ಸೀಟು ಕೊಡುವ ಮೇಜಿನ ಹಿಂದಿದ್ದ ಮನುಷ್ಯ ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟು, “ಈಕಿ ಯಾರು, ಆಕಿ ಯಾರು?” ಎಂದು ಕೇಳಿ ಸೀಟನ್ನು ಮುಂದಿನವರಿಗೆ ಕೊಟ್ಟುಬಿಟ್ಟಿದ್ದ. ಹೆಸರು ತಿದ್ದಿಸಲು ಕಚೇರಿಯಿಂದ ಕಚೇರಿಗೆ ಅಲೆಯುವುದರಲ್ಲೇ ಒಂದು ವರ್ಷ ಹೋಯಿತು. ಆ ವರ್ಷವನ್ನು ಶಾಕಂಬರಿ ಮರೆತಿರಲಿಲ್ಲ.

ಅವರ ಯಂತ್ರ ಹೆಸರನ್ನು ನೋಡುತ್ತಿರಲಿಲ್ಲ, ಕೇಳುತ್ತಿತ್ತು. ಮೊದಲು ಸ್ವರಗಳನ್ನು ಕಿತ್ತುಹಾಕುತ್ತಿತ್ತು, ಏಕೆಂದರೆ ಬರೆಯುವವರು ಹೆಚ್ಚು ತಪ್ಪುವುದು ಅಲ್ಲೇ. ಸೊನ್ನೆಯನ್ನು ಒರೆಸುತ್ತಿತ್ತು, ಒತ್ತು ಬಿಡಿಸುತ್ತಿತ್ತು, ಮಹಾಪ್ರಾಣದ ಉಸಿರು ತೆಗೆಯುತ್ತಿತ್ತು. ಶ, ಷ, ಸ ಮೂರೂ ಅದಕ್ಕೆ ಒಂದೇ. ಕೊನೆಗೆ ಗ ಇದ್ದರೆ ಕ, ಜ ಇದ್ದರೆ ಚ, ಬ ಇದ್ದರೆ ಪ ಎಂದುಕೊಳ್ಳುತ್ತಿತ್ತು. ಫೋನಿನಲ್ಲಿ ಹೆಸರು ಬರೆಸುವಾಗ ಈ ಅಕ್ಷರಗಳು ಅದಲುಬದಲಾಗುವುದನ್ನು ಶಾಕಂಬರಿ ಲಕ್ಷಗಟ್ಟಲೆ ಅರ್ಜಿಗಳಲ್ಲಿ ಕಂಡಿದ್ದರು. ಇಷ್ಟೆಲ್ಲ ಆದ ಮೇಲೆ ಉಳಿಯುತ್ತಿದ್ದದ್ದು ಹೆಸರಿನ ಎಲುಬು. ಎಲುಬು, ಹುಟ್ಟಿದ ದಿನ, ಹುಟ್ಟಿದ ಊರು ಈ ಮೂರೂ ಕೂಡಿಬಂದರೆ ಎರಡು ದಾಖಲೆಗಳು ಒಬ್ಬರವೇ ಎಂದು ಯಂತ್ರ ತೀರ್ಪು ಕೊಡುತ್ತಿತ್ತು. ಹನ್ನೊಂದು ಲಕ್ಷ ಜನರ ಹರಿದುಹೋದ ದಾಖಲೆಗಳನ್ನು ಅದು ಹಾಗೆ ಹೊಲಿದಿತ್ತು.

ಹನ್ನೊಂದು ಲಕ್ಷದ ಮೇಲೆ ಇದೊಂದು. ಸುಮತಿಯ ತಂದೆ ರಾಚಪ್ಪ ಕಬ್ಬೂರ. ಸುಮಂತನ ತಂದೆ ರಾಜಪ್ಪ ಗಬ್ಬೂರ. ಇಬ್ಬರ ತಾಯಂದಿರೂ ಒಂದೇ ದಿನ ಮುಗಳಿಕಟ್ಟಿಯ ಒಂದೇ ಆಸ್ಪತ್ರೆಯಲ್ಲಿ, ಒಂದು ಮಂಚ ಬಿಟ್ಟು ಒಂದು ಮಂಚದಲ್ಲಿ ಹೆತ್ತಿದ್ದರು. ಎರಡು ಮನೆಗಳ ಗೆಳೆತನ ಶುರುವಾದದ್ದೇ ಆ ವಾರ್ಡಿನಲ್ಲಿ. ಮದುವೆ ನೋಂದಣಿಯ ಅರ್ಜಿಯಲ್ಲಿ ಎರಡು ಹೆಸರುಗಳು ಮೊದಲ ಸಲ ಅಕ್ಕಪಕ್ಕ ಕುಳಿತಾಗ ಯಂತ್ರಕ್ಕೆ ಯಾವ ಅನುಮಾನವೂ ಉಳಿಯಲಿಲ್ಲ.

ಮರುದಿನ ಇಬ್ಬರೂ ನೋಂದಣಿ ಕಚೇರಿಗೆ ಹೋದರು. ಗುಮಾಸ್ತ ಬಾಳಪ್ಪ ಪರದೆಯನ್ನು ಅವರ ಕಡೆ ತಿರುಗಿಸಿದ. ‘ವ್ಯಕ್ತಿಯು ತನ್ನನ್ನು ತಾನೇ ವಿವಾಹವಾಗಲು ಕಾಯ್ದೆಯಲ್ಲಿ ಅವಕಾಶವಿರುವುದಿಲ್ಲ’ ಎಂದು ಅಲ್ಲಿ ಬರೆದಿತ್ತು.

“ಬಾಳಪ್ಪನವರ, ನಿಮ್ಮ ಕಣ್ಣಿಗೆ ನಾವು ಎಷ್ಟು ಮಂದಿ ಕಾಣ್ತೀವ್ರಿ?” ಎಂದಳು ಸುಮತಿ.

“ನನ್ನ ಕಣ್ಣಿಗೆ ಇಬ್ಬರ ಕಾಣ್ತೀರಿ. ನನ್ನ ಕಣ್ಣಿಗೆ ಕಂಡದ್ದನ್ನ ಬರಿಯಾಕ ಇದರಾಗ ಜಾಗಾ ಇಲ್ರಿ.”

“ಆಕಿ ಹೆಣ್ಣು, ನಾ ಗಂಡು. ಅದನ್ನರ ನೋಡ್ಬೇಕಲ್ರಿ?” ಎಂದ ಸುಮಂತ.

ಬಾಳಪ್ಪ ಏನೋ ಒತ್ತಿ ನೋಡಿದ. “ನೋಡೇತ್ರಿ. ಎರಡರಾಗ ಒಂದು ಬರಹದೋಷ ಅಂತ ಹೇಳ್ತದ. ತಿದ್ದೋದಕ್ಕ ಅರ್ಜಿ ನಮೂನಿನೂ ಕಳಿಸೇತಿ. ಯಾವುದನ್ನ ತಿದ್ಲಿ?”

ಬೆರಳಚ್ಚು ಕೊಟ್ಟರು. ಇಪ್ಪತ್ತು ಬೆರಳೂ ಬೇರೆ ಬೇರೆ ಬಂದವು. ‘ಕೆಲಸದಿಂದ ಬೆರಳು ಸವೆದಿರುವ ಸಾಧ್ಯತೆ’ ಎಂದು ಯಂತ್ರ ಉತ್ತರಿಸಿತು. ಒಬ್ಬರಿಗೆ ಹತ್ತು ಬೆರಳಿಗಿಂತ ಹೆಚ್ಚು ಇರುವುದರ ಬಗ್ಗೆ ಅದು ಏನೂ ಹೇಳಲಿಲ್ಲ.

ಸುಮತಿಯ ಮನೆಯಲ್ಲಿ ಶಾವಿಗೆ ಒಣಗಿಸುತ್ತಿದ್ದರು. ಸುಮಂತನ ತಾಯಿ ಚಂಪವ್ವ ಬೆಳಿಗ್ಗೆಯೇ ಬಂದು ಸುಮತಿಯ ತಾಯಿ ನೀಲವ್ವನ ಜೊತೆ ಕೆಲಸಕ್ಕೆ ಕುಳಿತಿದ್ದಳು. ಇಬ್ಬರೂ ಮಕ್ಕಳು ನಡೆದದ್ದನ್ನು ಹೇಳಿದರು. ಹಿರಿಯರ ಎದುರು ಸುಮತಿ ಸುಮಂತನನ್ನು ‘ಅವರು’ ಎನ್ನುತ್ತಿದ್ದಳು.

“ಅಂದ್ರ ನಾನೂ ನೀಲವ್ವಾನೂ ಕೂಡಿ ಒಂದ ಕೂಸು ಹಡದೀವೇನು?” ಎಂದಳು ಚಂಪವ್ವ.

“ನಲವತ್ತು ನಿಮಿಷ ಮೊದ್ಲ ಹುಟ್ಟಿದಾಕಿ ನಮ್ಮಾಕಿ. ಕೂಸು ನಂದು,” ಎಂದಳು ನೀಲವ್ವ.

“ಹಂಗಾರ ನನ್ನ ಒಂಬತ್ತು ತಿಂಗಳು ಎಲ್ಲಿ ಹೋತು?”

ಚೇಷ್ಟೆಯಾಗಿ ಶುರುವಾದ ಮಾತು ಶಾವಿಗೆ ಮುಗಿಯುವ ಹೊತ್ತಿಗೆ ಚೇಷ್ಟೆಯಾಗಿ ಉಳಿಯಲಿಲ್ಲ. ಹೆಣ್ಣಿನ ಕಡೆಯವರು ಅರ್ಜಿ ತುಂಬುವಾಗ ಸರಿಯಾಗಿ ನೋಡಬೇಕಿತ್ತು ಎಂದು ಚಂಪವ್ವ ಅಂದಳು. ಮಗನಿಗೆ ಬೇರೆ ಹೆಸರೇ ಸಿಗಲಿಲ್ಲವೇ ಎಂದು ನೀಲವ್ವ ಕೇಳಿದಳು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಚಂಪವ್ವ ಆ ಮನೆಯಲ್ಲಿ ಚಹಾ ಕುಡಿಯದೆ ಎದ್ದು ಹೋದಳು.

ಅವಳ ಬೆನ್ನು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೆ ಸುಮತಿ ಬಾಗಿಲಲ್ಲಿ ನಿಂತಿದ್ದಳು. ಅಮಾನತಿಗಿಂತ ಇದು ಅವಳಿಗೆ ಹೆಚ್ಚು ಭಯ ಹುಟ್ಟಿಸಿತು.

“ನಾಳಿ ಧಾರವಾಡಕ್ಕ ಹೋಗೂಣು,” ಎಂದಳು ಸುಮಂತನಿಗೆ. “ಆ ಯಂತ್ರ ಮಾಡಿದವರನ್ನ ಕಂಡು ಕೇಳ್ತೀನಿ.”

ಸಮಧ್ವನಿ ಕೇಂದ್ರದ ಬಾಗಿಲಲ್ಲಿ ತಿರುಗುವ ಗೇಟು ಇತ್ತು. ಹೆಸರು ಹೇಳಿದರೆ ತೆರೆಯುತ್ತಿತ್ತು. ಸುಮಂತ ಹೆಸರು ಹೇಳಿ ಒಳಗೆ ಹೋದ. ಸುಮತಿ ಹೇಳಿದಳು. ಗೇಟು ಅಲುಗಲಿಲ್ಲ. ‘ತಾವು ಈಗಾಗಲೇ ಒಳಗಿದ್ದೀರಿ’ ಎಂದು ನಯವಾಗಿ ತಿಳಿಸಿತು.

“ನಾ ಹೊರಗ ಬರ್ತೀನಿ, ನೀ ಹೋಗು,” ಎಂದ ಸುಮಂತ ಗಾಜಿನ ಆಚೆಯಿಂದ.

“ಬ್ಯಾಡ. ನೀ ಹೊರಗ ಬಂದ್ರ ನಾವಿಬ್ಬರೂ ಹೊರಗ ಆಗ್ತೀವಿ. ನೀ ಹೋಗಿ ಮಾತಾಡು.”

ಶಾಕಂಬರಿಯವರ ಕಂಟ್ರೋಲ್ ರೂಮು ಎರಡನೆಯ ಮಹಡಿಯಲ್ಲಿತ್ತು. ಗೋಡೆಯ ತುಂಬ ಪರದೆ. ಅದರ ಮೇಲೆ ಹೆಸರುಗಳು ಎರಡೆರಡಾಗಿ ಬಂದು, ಒಂದನ್ನೊಂದು ಮೂಸಿ, ಒಂದಾಗಿ ಕೆಳಗಿಳಿಯುತ್ತಿದ್ದವು. ಗಾಜಿನ ಗೋಡೆಯ ಆಚೆ, ಪಕ್ಕದ ಕೋಣೆಯಲ್ಲಿ ಅವರ ಸಹಾಯಕ ಇಂಜಿನಿಯರ್ ನಜೀರ ನದಾಫ ಕುಳಿತಿದ್ದ. ಶಾಕಂಬರಿ ಸುಮಂತನ ಮಾತನ್ನು ಕೊನೆಯವರೆಗೆ ಕೇಳಿದರು, ಎರಡು ಹೆಸರುಗಳನ್ನೂ ಹಾಳೆಯ ಮೇಲೆ ಬರೆದರು, ಎಲುಬು ಬಿಡಿಸಿದರು. ಅವರ ಮುಖದಲ್ಲಿ ಮೊದಲು ಬಂದದ್ದು ವಿಷಾದವಲ್ಲ, ಮೆಚ್ಚುಗೆ.

“ಎಷ್ಟು ಚಂದ ಹೊಂದ್ಯಾವಲ್ರಿ! ಮೂರೂ ಮಾತು!”

“ಮೇಡಂ, ನಮ್ಮ ಮದ್ವಿ ನಿಂತದ. ನೌಕರಿ ನಿಂತದ.”

ಶಾಕಂಬರಿ ಪೆನ್ನು ಕೆಳಗಿಟ್ಟರು. “ತಪ್ಪಾತ್ರಿ. ಖರೇ ತಪ್ಪಾತು. ಆದ್ರ ನಿಮ್ಮ ಇಬ್ಬರನ್ನಷ್ಟ ಕೈಲೆ ಬಿಡಿಸಿಟ್ರ, ನಿಮ್ಮಂಗ ಎಷ್ಟು ಮಂದಿ ಇರ್ತಾರೋ ಅವರ ಗತಿ ಏನು? ಯಂತ್ರಾನ ತಿದ್ದಬೇಕು.”

ತಿದ್ದುವುದಕ್ಕೆ ಅವರ ಬಳಿ ಒಂದೇ ಗುಂಡಿ ಇತ್ತು. ಅದನ್ನು ಸಡಿಲಿಸಿದರೆ ಹೆಚ್ಚು ಹೆಸರುಗಳು ಒಂದಾಗುತ್ತಿದ್ದವು, ಬಿಗಿ ಮಾಡಿದರೆ ಕಡಿಮೆ. ಬಿಗಿಯಾದಷ್ಟೂ ಯಂತ್ರ ಸ್ವರ, ಸೊನ್ನೆ, ಶಕಾರ ಸಕಾರಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿತ್ತು. ಎರಡು ವರ್ಷದಿಂದ ಯಾರೂ ಮುಟ್ಟದ ಗುಂಡಿಯನ್ನು ಶಾಕಂಬರಿ ನಜೀರನ ಒಪ್ಪಿಗೆಯನ್ನೂ ಪಡೆದು ನಾಲ್ಕು ಗೀಟು ಬಿಗಿ ಮಾಡಿದರು. ಪರದೆಯ ಮೇಲೆ ಸುಮತಿ ಮತ್ತು ಸುಮಂತ ಎರಡಾಗಿ ಬಿರಿದರು. ಸುಮಂತ ಎದ್ದು ನಿಂತು ಚಪ್ಪಾಳೆ ತಟ್ಟಿದ. ಕೆಳಗೆ ಗೇಟು ತೆರೆದುಕೊಂಡಿತು. ನಜೀರ ಸುಮತಿಯನ್ನು ಕರೆತರಲು ಇಳಿದು ಹೋದ.

ಅವನು ಮರಳಿ ಬರುವಷ್ಟರಲ್ಲಿ ಫೋನುಗಳು ಶುರುವಾದವು. ಮೊದಲನೆಯದು ಒಬ್ಬ ಹೆಂಗಸಿನದು.

“ನನ್ನ ಗಂಡನ ಹೆಸರು ಮಲ್ಲಿಕಾರ್ಜುನ್ರಿ. ರೇಷನ್ ಕಾರ್ಡಿನ್ಯಾಗ ಈಗ ಮಲ್ಲಿಕಾರ್ಜುನ ಒಬ್ಬಾಂವ, ಮಲ್ಲಿಕಾರ್ಜುನ್ ಒಬ್ಬಾಂವ, ಇಬ್ಬರು ಗಂಡರನ್ನ ತೋರಸಾಕತ್ತದ. ಇದ್ದೊಬ್ಬಾಂವನ್ನ ಸಂಭಾಳಿಸೋದ ಸಾಕಾಗೇತ್ರಿ ನನಗ.”

ಎರಡನೆಯದು ಒಂದು ಭಜನಾ ಮಂಡಳಿಯದು. ಹದಿನಾಲ್ಕು ಸದಸ್ಯರಿದ್ದವರು ಮೂವತ್ತೊಂದಾಗಿದ್ದರು, ಕುಳಿತುಕೊಳ್ಳಲು ಕೊಟ್ಟಿದ್ದ ಕೋಣೆ ಚಿಕ್ಕದಾಯಿತೆಂದು ಯಂತ್ರವೇ ಅವರನ್ನು ಹೊರಗೆ ಹಾಕಿತ್ತು. ಹತ್ತು ನಿಮಿಷದಲ್ಲಿ ನಾಲ್ಕು ಸಾವಿರ ದೂರು. ಹೊಲಿದ ಹೊಲಿಗೆಯೆಲ್ಲ ಬಿಚ್ಚುತ್ತಿತ್ತು. ಗುಂಡಿಯನ್ನು ಹಿಂದಕ್ಕೆ ತಿರುಗಿಸೋಣವೆಂದು ಶಾಕಂಬರಿ ಕೈ ಹಾಕಿದರು. ಅದು ತಿರುಗಲಿಲ್ಲ.

ಪರದೆಯ ಮೇಲೆ ಹೊಸ ಸಾಲು ಬಂದಿತ್ತು. ‘ಎಸ್ಸೆಸ್ಸೆಲ್ಸಿ ಪಾಸಾದವರು ಸಾಕಾಂಬ್ರಿ ಹೊಸಮನಿ. ಈ ಹುದ್ದೆಯಲ್ಲಿರುವವರು ಶಾಕಂಬರಿ ಹೊಸಮನಿ. ಇವರು ಎಸ್ಸೆಸ್ಸೆಲ್ಸಿ ಪಾಸಾಗಿರುವುದಿಲ್ಲ. ಅಧಿಕಾರ ರದ್ದುಪಡಿಸಲಾಗಿದೆ.’ ಕೋಣೆಯ ಬಾಗಿಲು ಖಟ್ ಎಂದು ಬೀಗ ಹಾಕಿಕೊಂಡಿತು.

ಶಾಕಂಬರಿ ಕುರ್ಚಿಯಲ್ಲಿ ಕುಳಿತರು. ಐವತ್ತೆರಡು ವರ್ಷದ ಆ ಹೆಂಗಸಿನ ಮುಖ ಸೀಟು ಕಳೆದುಕೊಂಡ ಹುಡುಗಿಯ ಮುಖದಂತೆ ಆದದ್ದನ್ನು ಸುಮಂತ ನೋಡಿದ. ತನ್ನ ನೀರಿನ ಬಾಟಲಿಯನ್ನು ಮುಂದೆ ಹಿಡಿದ.

“ನನಗ ನಾನ ಮಾಡಿದೆ ನೋಡ್ರಿ,” ಎಂದರು ಅವರು, ನೀರು ಕುಡಿದು.

ಗಾಜಿನ ಆಚೆ ನಜೀರ ಮತ್ತು ಸುಮತಿ ಬಂದು ನಿಂತಿದ್ದರು. ನಜೀರ ಫೋನಿನಲ್ಲಿ ಹೇಳಿದ, “ಮೇಡಂ, ಗುಂಡಿ ಹಿಂದ ತಿರುಗಿಸಾಕೂ ಇಬ್ಬರು ಅಧಿಕಾರಿಗಳ ಒಪ್ಪಿಗಿ ಬೇಕ್ರಿ. ನೀವು ಈಗ ಲೆಕ್ಕಕ್ಕಿಲ್ಲ. ನಾ ಒಬ್ಬಾಂವ ಅದೀನಿ.”

“ನಿಮ್ಮ ಹೆಸರು ಎಲ್ಲಾ ಕಾಗದದಾಗೂ ಒಂದ ಥರಾ ಐತೇನ್ರಿ?” ಎಂದು ಸುಮತಿ ಕೇಳಿದಳು.

ನಜೀರ ತನ್ನ ಪರದೆಗೆ ಹೋಗಿ ನೋಡಿದ. ಸೇವಾ ಪುಸ್ತಕದಲ್ಲಿ ‘ನದಾಫ’. ಕೇಂದ್ರದ ಗುರುತಿನ ಚೀಟಿಯಲ್ಲಿ ‘ನದಾಫ್’. ಯಂತ್ರದ ಲೆಕ್ಕದಲ್ಲಿ ಈಗ ಅವನು ಇಬ್ಬರು, ಇಬ್ಬರೂ ಇಂಜಿನಿಯರುಗಳು. ಅವನು ಒಂದು ಕುರ್ಚಿಯಲ್ಲಿ ಕುಳಿತು ನದಾಫನಾಗಿ ಒಪ್ಪಿಗೆ ಕೊಟ್ಟ. ಆಮೇಲೆ, ಅದೇಕೋ, ಎದ್ದು ಪಕ್ಕದ ಕುರ್ಚಿಯಲ್ಲಿ ಕುಳಿತು ನದಾಫ್ ಆಗಿ ಒಪ್ಪಿಗೆ ಕೊಟ್ಟ. ಗುಂಡಿ ಹಿಂದಕ್ಕೆ ತಿರುಗಿತು. ಬಾಗಿಲ ಬೀಗ ಬಿಟ್ಟಿತು. ಶಾಕಂಬರಿ ಮತ್ತೆ ಎಸ್ಸೆಸ್ಸೆಲ್ಸಿ ಪಾಸಾದರು. ಸುಮತಿ ಮತ್ತು ಸುಮಂತ ಮತ್ತೆ ಒಬ್ಬರಾದರು.

ನಾಲ್ವರೂ ಒಂದೇ ಕೋಣೆಯಲ್ಲಿ ಸೇರಿ ಕುಳಿತರು.

“ಸಡಿಲ ಮಾಡಿದ್ರ ನಿಮ್ಮನ್ನ ತಿಂತದ, ಬಿಗಿ ಮಾಡಿದ್ರ ನನ್ನನ್ನ ತಿಂತದ,” ಎಂದರು ಶಾಕಂಬರಿ. “ನಡುವ ಎಲ್ಲಿ ನಿಲ್ಲಿಸಿದ್ರೂ ಯಾರರ ಇಬ್ಬರು ಸಿಗ್ತಾರ.”

ಸುಮತಿ ಕೇಳಿದಳು, “ಮೇಡಂ, ಅದಕ್ಕ ಎಷ್ಟು ಥರಾ ಉತ್ತರಾ ಕೊಡಾಕ ಬರ್ತದ?”

“ಎರಡು. ಒಬ್ಬರ, ಇಲ್ಲಾ ಬ್ಯಾರೆ.”

“ನಮ್ಮಲ್ಲೆ ಎಮ್ಮಿ ಕಿವಿಗೆ ನಂಬರಿನ ಬಿಲ್ಲೆ ಹಾಕ್ತೀವ್ರಿ. ಮೇಯೂಮುಂದ ಮುಳ್ಳಿಗೆ ತಾಗಿ ಅಕ್ಷರ ಸವೀತಾವ. ಮೂರೋ ಎಂಟೋ ತಿಳಿಯಂಗಿಲ್ಲ. ಎರಡು ಎಮ್ಮಿ ಒಂದ ನಂಬರಿನಂಗ ಕಾಣ್ತಾವ. ಆವಾಗ ನಾ ಬಿಲ್ಲೆ ಎಷ್ಟು ದಿಟ್ಟಿಸಿ ನೋಡಿದ್ರೂ ಉಪಯೋಗಿಲ್ಲ.”

“ಮತ್ತೇನ್ ಮಾಡ್ತೀರಿ?”

“ಗೊತ್ತಾಗವಲ್ದು ಅಂತ ಬರಕೊಂಡು ಎಮ್ಮಿ ಮಾಲಕರನ್ನ ಕೇಳ್ತೀನ್ರಿ. ಅವರು ದೂರಿಂದ ನೋಡಿ ಹೇಳ್ತಾರ, ಅದು ಗಂಗಿ, ಇದು ಅದರ ಮಗಳು ಅಂತ.”

ಶಾಕಂಬರಿ ನಕ್ಕುಬಿಟ್ಟರು, ಆದರೆ ನಗು ಅರ್ಧಕ್ಕೇ ನಿಂತಿತು. ಮೂವತ್ತು ವರ್ಷ ಅವರು ಯಂತ್ರದ ಕಿವಿಯನ್ನು ಚುರುಕು ಮಾಡುವುದರಲ್ಲೇ ಕಳೆದಿದ್ದರು. ‘ಗೊತ್ತಾಗವಲ್ದು’ ಎಂದು ಹೇಳಲು ಅದಕ್ಕೆ ಕಲಿಸಿರಲಿಲ್ಲ. ತಮ್ಮ ಸೀಟು ಕಿತ್ತುಕೊಂಡ ಮೇಜಿನ ಹಿಂದಿನ ಮನುಷ್ಯನಿಗೂ ಯಾರೂ ಅದನ್ನು ಕಲಿಸಿರಲಿಲ್ಲ. ಅವ್ವನನ್ನು ಕರೆದುಕೊಂಡು ಬಾ ಎಂದು ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು, ಅವ್ವ ಹೊರಗೆ ಬೇವಿನ ಗಿಡದ ಕೆಳಗೆ ಕುಳಿತಿದ್ದಳು.

ಅಂದೇ ಕೆಲಸ ಶುರುವಾಯಿತು. ಯಂತ್ರಕ್ಕೆ ಮೂರನೆಯ ಉತ್ತರ ಬಂತು. ಪೂರ್ತಿ ಖಾತ್ರಿಯಿಲ್ಲದ ಜೋಡಿ ಸಿಕ್ಕರೆ ಅದು ತೀರ್ಪು ಕೊಡುವುದಿಲ್ಲ, ಆ ಮನೆಯ ಹಿರಿಯರೊಬ್ಬರಿಗೆ ಫೋನು ಮಾಡಿ ಕೇಳುತ್ತದೆ. ಅವರು ಹೇಳಿದ್ದನ್ನೂ ಹೇಳಿದ ಕಾರಣವನ್ನೂ ಬರೆದುಕೊಳ್ಳುತ್ತದೆ. ಕೇಳುವ ದನಿ ಹಳ್ಳಿಯವರಿಗೆ ಪರಕೀಯ ಅನ್ನಿಸಬಾರದೆಂದು ಶಾಕಂಬರಿ ತಮ್ಮ ದನಿಯನ್ನೇ ಕೊಟ್ಟರು. ಸುಮತಿ, ಸುಮಂತರನ್ನು ಅದು ಜಾರಿಯಾಗುವವರೆಗೆ ನಜೀರ ಹದಿನೈದು ದಿನದ ಮಟ್ಟಿಗೆ ಕೈಯಿಂದ ಬೇರ್ಪಡಿಸಿ ಇಟ್ಟ. ಇಬ್ಬರಿಗೂ ನೌಕರಿ ಮರಳಿತು. ಬಾಳಪ್ಪ ನೋಂದಣಿಗೆ ಒಪ್ಪಿಗೆ ಕೊಟ್ಟ, ಮುಹೂರ್ತದ ದಿನ ತಾಳಿ ಕಟ್ಟಿದ ಫೋಟೋ ಏರಿಸಿದರೆ ಮುಗಿಯಿತೆಂದ.

ಬೀಗತಿಯರ ಮುನಿಸು ಮಾತ್ರ ಯಾವ ಗುಂಡಿಗೂ ಬಗ್ಗಲಿಲ್ಲ. ಅದಕ್ಕೆ ಸುಮತಿಯೇ ಚಂಪವ್ವನ ಮನೆಗೆ ಹೋಗಬೇಕಾಯಿತು.

“ಅತ್ತಿ, ನೀವು ಚಾ ಕುಡೀದ ಬಂದ್ರಿ ಅಂತ ನಮ್ಮವ್ವ ನಾಲ್ಕು ದಿನದಿಂದ ಚಾ ಬಿಟ್ಟಾಳ.”

“ಸುಳ್ಳು ಹೇಳ್ಬ್ಯಾಡ. ನೀಲವ್ವ ಚಾ ಬಿಡಾಕಿ ಅಲ್ಲ.”

“ಹೌದ್ರಿ, ಸುಳ್ಳು. ಆದ್ರ ಕುಡಿಯೂಮುಂದ ಅಳ್ತಾಳ.”

ಚಂಪವ್ವ ಸೆರಗು ಸರಿಮಾಡಿಕೊಂಡು ಅವಳ ಜೊತೆಯೇ ಹೊರಟಳು.

ಮದುವೆ ಸಂಭ್ರಮದಿಂದ ನಡೆಯಿತು. ಶಾಕಂಬರಿಯೂ ನಜೀರನೂ ಬಂದಿದ್ದರು. ತಾಳಿ ಕಟ್ಟಿದ್ದು ಹನ್ನೆರಡೂವರೆಗೆ. ಬಾಳಪ್ಪ ಫೋಟೋ ಏರಿಸಿದ, ಪ್ರಮಾಣಪತ್ರ ಬಂತು, ಊಟಕ್ಕೆ ಎಲೆ ಹಾಕಿದರು. ಶಾಕಂಬರಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ ಹಿಂದಿನಿಂದ ತಮ್ಮದೇ ದನಿ ಕೇಳಿಸಿತು.

“ನಮಸ್ಕಾರ್ರಿ. ಸುಮತಿ, ಸುಮಂತ ಅನ್ನೋರು ಒಬ್ಬರೋ, ಬ್ಯಾರೆ ಬ್ಯಾರೆಯೋ?”

ಮೂರನೆಯ ಉತ್ತರ ರಾಜ್ಯಕ್ಕೆಲ್ಲ ಜಾರಿಯಾದದ್ದು ಅಂದೇ ಮಧ್ಯಾಹ್ನ. ಸಾಲಿನಲ್ಲಿ ಮೊದಲ ಜೋಡಿಯಾಗಿ ನಜೀರ ಅವರನ್ನೇ ನಿಲ್ಲಿಸಿದ್ದ. ಫೋನು ಚಂಪವ್ವನ ಕೈಯಲ್ಲಿತ್ತು. ಅವಳ ಕಣ್ಣುಗಳು ತುಂಬಿದ್ದವು.

“ಬ್ಯಾರೆ ಎಲ್ಲಿ ಬಂತವ್ವಾ,” ಎಂದಳು ಚಂಪವ್ವ ಫೋನಿಗೆ. “ಈಗಿನ್ನ ಅಕ್ಕಿಕಾಳು ಹಾಕೀವಿ. ಇನ್ನ ಮ್ಯಾಲೆ ಇಬ್ಬರೂ ಒಂದ!”

ಶಾಕಂಬರಿ ಹೋಳಿಗೆ ಕೈಯಲ್ಲೇ ಓಡಿದರು. ತಲುಪುವಷ್ಟರಲ್ಲಿ ಅವರದೇ ದನಿ ಧನ್ಯವಾದ ಹೇಳಿ ಫೋನು ಇಟ್ಟಿತ್ತು. ಬಾಳಪ್ಪನ ಫೋನಿಗೆ ಸಂದೇಶ ಬಂತು. ವರನೂ ವಧುವೂ ಒಬ್ಬರೇ ಎಂದು ಹಿರಿಯರು ದೃಢಪಡಿಸಿರುವುದರಿಂದ ಮದುವೆ ರದ್ದು. ಕಾಯ್ದೆಯ ಪ್ರಕಾರ ಅದು ಐವತ್ತೆರಡು ನಿಮಿಷ ಬಾಳಿತ್ತು.

“ಅಮ್ಮಾ, ಬ್ಯಾರೆ ಬ್ಯಾರೆ ಅಂತ ಹೇಳ್ರಿ! ಮತ್ತ ಹಚ್ಚಿ ಕೊಡ್ತೀನಿ,” ಎಂದರು ಶಾಕಂಬರಿ, ತುಪ್ಪದ ಕೈಯಿಂದ ಫೋನು ಒತ್ತುತ್ತ.

ಚಂಪವ್ವ ಫೋನನ್ನು ಹಿಂದಕ್ಕೆ ಸರಿಸಿದಳು. “ಮದ್ವಿ ದಿನಾ, ಚಪ್ಪರದಾಗ ನಿಂತು, ಗಂಡ ಹೆಂಡತಿ ಬ್ಯಾರೆ ಬ್ಯಾರೆ ಅಂತ ನನ್ನ ಬಾಯಿಲೆ ಅನಸ್ತೀರೇನು? ಯಾವ ಸರ್ಕಾರ ಬಂದ್ರೂ ಅನ್ನಾಂಗಿಲ್ಲ. ನಾಳಿ ಕೇಳ್ರಿ.”

ನೀಲವ್ವನೂ ಬೀಗತಿಯ ಪಕ್ಕದಲ್ಲಿ ನಿಂತು ತಲೆಯಾಡಿಸಿದಳು. ಸುಮತಿ ಸುಮಂತನ ಮುಖ ನೋಡಿದಳು, ಸುಮಂತ ಸುಮತಿಯ ಮುಖ ನೋಡಿದ, ಇಬ್ಬರೂ ನಗಲಾರಂಭಿಸಿದರು. ಶಾಕಂಬರಿ ಬೇರೆ ದಾರಿ ಕಾಣದೆ ಹೋಗಿ ಎಲೆಯ ಮುಂದೆ ಕುಳಿತರು.

ಮರುದಿನ ಬೆಳಿಗ್ಗೆ ಎಂಟಕ್ಕೆ ಯಂತ್ರ ಚಂಪವ್ವನಿಗೆ ಮತ್ತೆ ಫೋನು ಮಾಡಿತು. ಧಾರವಾಡದ ಕಂಟ್ರೋಲ್ ರೂಮಿನಲ್ಲಿ ಶಾಕಂಬರಿಯೂ ನಜೀರನೂ ಉಸಿರು ಬಿಗಿಹಿಡಿದು ಪರದೆ ನೋಡುತ್ತಿದ್ದರು. ಉತ್ತರದ ಜಾಗದಲ್ಲಿ ‘ಬ್ಯಾರೆ ಬ್ಯಾರೆ’ ಎಂದು ಮೂಡಿತು. ನಜೀರ ಮೇಜು ಗುದ್ದಿದ. ಆಮೇಲೆ ಕಾರಣದ ಜಾಗ ನಿಧಾನವಾಗಿ ತುಂಬತೊಡಗಿತು. ಚಂಪವ್ವ ಹೇಳಿದ್ದನ್ನು ಯಂತ್ರ ಒಂದಕ್ಷರ ಬಿಡದೆ ಬರೆದುಕೊಂಡಿತ್ತು.

“ಚಾಕ್ಕ ಆಕಿ ಶುಂಠಿ ಹಾಕ್ಯಾಳ, ಅಂವ ಯಾಕ ಹಾಕಿದಿ ಅಂತ ಮಾರಿ ಉಬ್ಬಿಸ್ಯಾನ. ಅಡಿಗಿಮನ್ಯಾಗ ಆಗ್ಲೇ ಅರ್ಧಾ ತಾಸಾತು, ಇಬ್ಬರೂ ಸೋಲವಲ್ರು. ಒಬ್ಬರಾಗಿದ್ರ ಹಿಂಗ ಜಗಳಾಡಾಕ ಬರ್ತಿತ್ತೇನ್ರಿ?”